ಅಘನಾಶಿನಿ ಬಗ್ಗೆ ಇಷ್ಟು ಅಧ್ಯಯನ ಆಯ್ತು, ಊರಿಗೆ ವಾಪಸ್ ಬಂದಿದ್ದೆಷ್ಟು?

ಗಜನಿಬದಿ
ಕುಮಟಾ ಕಡೆಯವರು, ಅಳಿವೆ-ಕೆರೆ-ಕಾಡು ಅಂತ ಓಡಾಡಿ ಕೆಲಸ ಮಾಡಿದವರು ಯಾರಿದ್ದರೂ ಸ್ವಲ್ಪ ಹೇಳಿ. ನಾನು ಇಲ್ಲೇ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಎನ್‌ಎಸ್‌ಎಸ್ ಮಕ್ಕಳು ಅಘನಾಶಿನಿ ಅಳಿವೆಯಲ್ಲಿ (ನದಿ ಸಮುದ್ರ ಸೇರುವ ಜಾಗ) ಬಳಚಿನ, ಅಂದರೆ ತಿನ್ನುವ ಚಿಪ್ಪುಜೀವಿಯ ಸಮೀಕ್ಷೆ ಮಾಡಬೇಕು ಅಂತ ಹೊರಟಿದ್ದಾರೆ. ಪ್ರಶ್ನೆಪಟ್ಟಿ ರೆಡಿ ಇದೆ. ದಿನಕ್ಕೆ ಎಷ್ಟು ಸಿಗುತ್ತೆ, ಎಷ್ಟಕ್ಕೆ ಮಾರುತ್ತೀರಿ, ಹತ್ತು ವರ್ಷದ ಹಿಂದೆ ಹೇಗಿತ್ತು, ಹೀಗೆ.

ತೊಂದರೆ ಏನಂದರೆ ಇದೆಲ್ಲ ಆಗಲೇ ಕೇಳಿ ಮುಗಿದಿದೆ. ಬೆಂಗಳೂರಿನ ಐಐಎಸ್‌ಸಿಯವರು (ಭಾರತೀಯ ವಿಜ್ಞಾನ ಸಂಸ್ಥೆ) ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಈ ನದಿಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಮೀನು, ಕಾಂಡ್ಲಾ (ಮ್ಯಾಂಗ್ರೋವ್), ಬಳಚು, ಗಜನಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ), ಎಲ್ಲದಕ್ಕೂ ವರದಿ ಇದೆ. ಆಮೇಲೆ ಬೇರೆ ಯೂನಿವರ್ಸಿಟಿಯವರು ಬಂದರು, ಸಂಸ್ಥೆಗಳು ಬಂದವು. 2024ರ ಜನವರಿ ಕೊನೆಗೆ ಅಳಿವೆಗೆ ರಾಮ್ಸರ್ ಪಟ್ಟವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅಂತ) ಸಿಕ್ಕಿತು, 4,801 ಹೆಕ್ಟೇರ್. ಆದರೆ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ತೆಗೆಯುವ ಹೆಂಗಸರನ್ನು ಕೇಳಿ ನೋಡಿ, "ಮೊನ್ನೆ ಬರೆದುಕೊಂಡು ಹೋದವರು ಏನು ಮಾಡಿದರು?" ಅಂತ ಅವರೇ ವಾಪಸ್ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಅದಕ್ಕೇ ಸಮೀಕ್ಷೆ ಬಿಟ್ಟು, ಆಗಲೇ ಗೊತ್ತಿರುವುದನ್ನು ಊರಿಗೆ ತಲುಪಿಸುವ ಕೆಲಸವನ್ನೇ ಯಾಕೆ ಮಾಡಬಾರದು ಅನ್ನಿಸುತ್ತಿದೆ. ಹೇಗೆ ಮಾಡಬೇಕು ಅಂತ ಮಾತ್ರ ಗೊತ್ತಾಗ್ತಿಲ್ಲ.

ಥೀಸಿಸ್ ಮುಗಿದಿಲ್ಲ
ಸರ್, ನಾನು ಆ "ಬರೆದುಕೊಂಡು ಹೋದವರ" ಜಾತಿಗೇ ಸೇರಿದವಳು, ಹಾಗಾಗಿ ನಮ್ಮ ಕಡೆಯ ಮಾತನ್ನೂ ಕೇಳಿ. ಪಿಎಚ್‌ಡಿಗೆ ಸೇರಿದ ದಿನದಿಂದ ನಮ್ಮನ್ನು ಅಳೆಯುವುದು ಪೇಪರ್ ಲೆಕ್ಕದಲ್ಲಿ. 2022ರ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಪೇಪರ್ ಪ್ರಕಟ ಆಗಿರಲೇಬೇಕು ಅನ್ನೋದನ್ನು ತೆಗೆದರು, ಆದರೂ ಮುಂದೆ ಕೆಲಸ ಬೇಕಾದರೆ ಪೇಪರ್ ಬೇಕೇ ಬೇಕು. ಊರಿಗೆ ಹೋಗಿ ಗೊತ್ತಾಗಿದ್ದನ್ನು ಹೇಳಿ ಬಂದರೆ ಅದಕ್ಕೆ ಯಾವ ಕಾಲಮ್ಮೂ ಇಲ್ಲ, ಟಿಎ ಬಿಲ್ಲೂ ಆಗಲ್ಲ. ಫೆಲೋಶಿಪ್ ತಿಂಗಳುಗಟ್ಟಲೆ ತಡ ಆಗುತ್ತೆ, ಬಸ್ ಚಾರ್ಜ್ ಕೈಯಿಂದ.

ಇನ್ನೊಂದು. ನೀರಿನ ಉಪ್ಪಿನ ಅಂಶ ನೋಡಿ ಬಂದಾಗ ಆವತ್ತೇ ಹೇಳುವುದಕ್ಕೆ ಏನೂ ಇರುವುದಿಲ್ಲ. ಎರಡು ಮೂರು ವರ್ಷದ ಲೆಕ್ಕ ಸೇರಿದ ಮೇಲೆ ಏನೋ ಒಂದು ಕಾಣುತ್ತದೆ. ಅಷ್ಟರಲ್ಲಿ ನಾವು ಆ ಊರು ಬಿಟ್ಟಿರುತ್ತೇವೆ. ಇದು ಸಮರ್ಥನೆ ಅಲ್ಲ, ಸುಮ್ನೆ ಹೇಗೆ ನಡೆಯುತ್ತೆ ಅಂತ ಹೇಳಿದೆ.

ಮೀನುಪೇಟೆ ಅಕ್ಕ
ಏನೂ ವಾಪಸ್ ಬಂದಿಲ್ಲ ಅಂತ ಪೂರ್ತಿ ಹೇಳಬೇಡಿ ಮಾಸ್ತರೇ. ಅಳಿವೆ ಬಾಯಿಯ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಅಂತ ಬಂದಾಗ, ಆಮೇಲೆ ಬಂದರು ಅಂತ ಬಂದಾಗ, ಇಲ್ಲಿ ಎಲ್ಲರೂ ಹೇಳುತ್ತಿದ್ದದ್ದು "ನಮ್ಮ ಹೊಟ್ಟೆಪಾಡು ಹೋಗುತ್ತೆ" ಅಂತ. ಅದನ್ನು ಯಾವ ಅಧಿಕಾರಿ ಬರೆದುಕೊಳ್ಳುತ್ತಾನೆ? ಅದೇ ಐಐಎಸ್‌ಸಿಯವರು ಲೆಕ್ಕ ಹಾಕಿ, ಈ ಒಂದು ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು-ಕಲವಾ ಸಿಗುತ್ತೆ, ಅದರ ಬೆಲೆ ಸುಮಾರು 5.78 ಕೋಟಿ, 2,300ಕ್ಕೂ ಜಾಸ್ತಿ ಜನ ನೇರವಾಗಿ ಇದರಲ್ಲಿದ್ದಾರೆ ಅಂತ ಕಾಗದದ ಮೇಲೆ ಇಟ್ಟರಲ್ಲ, ಆಗ ಮಾತಿಗೆ ತೂಕ ಬಂತು. ಅಲ್ಲಿಯ ತನಕ ಸರ್ಕಾರದ ಪುಸ್ತಕದಲ್ಲಿ ಬಳಚು ಅನ್ನೋದೇ ಇರಲಿಲ್ಲ ಅನ್ನಬಹುದು. ಬೋಟು, ಬಲೆ, ಐಸು ಇದ್ದರೆ ಮೀನುಗಾರಿಕೆ, ಹೆಂಗಸರು ಕೈಯಲ್ಲಿ ಕೆದಕಿ ತಂದರೆ ಅದು ಲೆಕ್ಕಕ್ಕಿಲ್ಲ.

ಒಣ ಲೆಕ್ಕ
ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಆ 5.78 ಕೋಟಿ ಅನ್ನೋ ಲೆಕ್ಕದ ಬಗ್ಗೆ ನನಗೆ ಭಯ ಇದೆ. 4,000 ಮೆಗಾವ್ಯಾಟಿನ ಸ್ಥಾವರ ಅಂದರೆ ಸಾವಿರಾರು ಕೋಟಿ ಬಂಡವಾಳ. ರೂಪಾಯಿಗೆ ರೂಪಾಯಿ ಇಟ್ಟರೆ ಬಳಚು ಯಾವತ್ತೂ ಸೋಲುತ್ತೆ. ನಾಳೆ ಒಬ್ಬ ಬಂದು "ನಿಮ್ಮ ಆರು ಕೋಟಿಗೆ ನಾನು ಅರವತ್ತು ಕೋಟಿ ಕೊಡ್ತೀನಿ, ಜಾಗ ಖಾಲಿ ಮಾಡಿ" ಅಂದರೆ ಏನು ಹೇಳುತ್ತೀರಿ?

ಮೀನುಪೇಟೆ ಅಕ್ಕ
ಕೊಡ್ತೀನಿ ಅಂದವರು ಕೊಟ್ಟಿದ್ದು ಎಲ್ಲಿ ನೋಡಿದ್ದೀರಿ ಮಾರಾಯ್ರೆ? ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ನಿರಾಶ್ರಿತರನ್ನು ಕೇಳಿ, ಪರಿಹಾರಕ್ಕೆ ಎಷ್ಟು ವರ್ಷ ಕೋರ್ಟು ಸುತ್ತಿದರು ಅಂತ. ಆ ದುಡ್ಡು ಯಾರ ಕೈಗೆ ಹೋಗುತ್ತೆ ಅನ್ನೋದು ಮುಖ್ಯ. ಬಳಚಿನ ದುಡ್ಡು ಹೆಂಗಸರ ಕೈಗೆ ಬರುತ್ತೆ, ಆವತ್ತಿನದು ಆವತ್ತೇ. ಮನೆಯಲ್ಲಿ ಪದಾರ್ಥಕ್ಕೂ ಆಗುತ್ತೆ. ಅಳಿವೆಗೆ ಯಾರಪ್ಪನ ಪಹಣಿಯೂ ಇಲ್ಲ, ಗದ್ದೆ ಇಲ್ಲದವಳೂ ಇಳಿದು ದುಡಿಯಬಹುದು. ಇದನ್ನು ಯಾವ ಕೋಟಿಯಲ್ಲಿ ಬರೆಯುತ್ತೀರಿ ಅಂತ ಬೇಕಾದರೆ ಕೇಳಿ, ಅದು ಸರಿಯಾದ ಪ್ರಶ್ನೆ.

ಹೊನ್ನಾವರದ ಹುಡುಗ
ದುಡ್ಡಿನ ಲೆಕ್ಕ ಬಿಡಿ. ನನಗೆ ಆ ವರದಿಗಳಲ್ಲಿ ಜಾಸ್ತಿ ತಟ್ಟಿದ್ದು ಪಕ್ಕದ ಶರಾವತಿ ಜೊತೆ ಮಾಡಿದ ಹೋಲಿಕೆ. ಎರಡೂ ಅಳಿವೆ ಹತ್ತಿರ ಹತ್ತಿರ, ಒಂದೇ ಮಳೆ, ಒಂದೇ ಸಮುದ್ರ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯದು. ಕರೆಂಟಿಗಾಗಿ ವರ್ಷವಿಡೀ ಸಿಹಿನೀರು ಬಿಡುತ್ತಲೇ ಇರುತ್ತಾರೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಉಪ್ಪುನೀರು ಒಳಗೆ ಬರಬೇಕಾದ ಹೊತ್ತಿನಲ್ಲೂ ನೀರು ಸಪ್ಪೆ. ಬಳಚಿಗೆ ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡೂ ಬೇಕು. ಹಾಗಾಗಿ ನಮ್ಮ ಕಡೆ ಬಳಚಿನ ಕಸುಬು ಹೆಚ್ಚುಕಮ್ಮಿ ಹೋಗೇ ಬಿಟ್ಟಿತು. ಅಘನಾಶಿನಿಗೆ ಸಿರ್ಸಿ ಘಟ್ಟದಿಂದ ಸಮುದ್ರದ ತನಕ ಒಂದೂ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ನಿಮ್ಮಲ್ಲಿ ಉಳಿದಿದೆ.

ಇದು ಊರಿನವರಿಗೆ ಗೊತ್ತಿಲ್ಲದ ವಿಷಯ ಅಂತ ಅಲ್ಲ. ನನ್ನಜ್ಜ "ಡ್ಯಾಮ್ ಆದ ಮೇಲೆ ಹೊಳೆ ಸತ್ತಿತು" ಅಂತ ಹೇಳುತ್ತಲೇ ಇದ್ದರು. ಆದರೆ ಯಾಕೆ ಅನ್ನೋದು ಗೊತ್ತಾದರೆ ಮುಂದಿನದಕ್ಕೆ ಅನುಕೂಲ. ಈಗ ಅಘನಾಶಿನಿ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಮಾತಿದೆ ಅಲ್ವಾ, "ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು" ಅಂತ ಭಾಷಣ ಮಾಡುತ್ತಾರಲ್ಲ, ಅವರಿಗೆ ಉತ್ತರ ಕೊಡಬೇಕಾದರೆ ಈ ಹೋಲಿಕೆಗಿಂತ ದೊಡ್ಡದು ಇನ್ನೇನೂ ಬೇಡ.

ಗಜನಿಬದಿ
ಇದು ಒಳ್ಳೆಯದು! ಮಕ್ಕಳನ್ನು ಒಂದು ದಿನ ಶರಾವತಿಗೂ ಕರೆದುಕೊಂಡು ಹೋಗಬಹುದು. ಆದರೆ ಬರೀ ಮಕ್ಕಳಲ್ಲ, ಬಳಚು ತೆಗೆಯುವವರನ್ನೇ ಕರೆದುಕೊಂಡು ಹೋದರೆ? ಆ ದಡದವರು ಈ ದಡದವರಿಗೆ ನೇರ ಹೇಳಲಿ. ನಾವು ನಡುವೆ ನಿಂತು ವಿವರಿಸುವುದೇ ಬೇಡ.

ಕುಣಿಗಲ್ ಕಡೆಯವ
ನಾನು ಬಯಲುಸೀಮೆಯವನು, ಬಳಚು ತಿಂದೂ ಗೊತ್ತಿಲ್ಲ. ಆದರೆ ನಮ್ಮ ತಾಲೂಕಿನಲ್ಲೇ ಇಂಥದ್ದೊಂದು ಹಳೇ ಕಥೆ ಇದೆ, ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

1974ರಲ್ಲಿ ಇದೇ ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿ ಅವರು "ಅಸ್ತ್ರ" ಅಂತ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನೋದು ಉದ್ದೇಶ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿದರು. ಹೊಗೆ ಕಡಿಮೆ ಮಾಡುವ "ಅಸ್ತ್ರ ಒಲೆ" ಹಳಬರಿಗೆ ನೆನಪಿರಬಹುದು, ಮೂರು ಪಾತ್ರೆ ಇಡುವಂಥದ್ದು, ಹೊಗೆಗೆ ಕೊಳವೆ ಇರುವಂಥದ್ದು, ಅದು ಇವರದೇ.

ನಾನು ಹೇಳಬೇಕು ಅಂದಿದ್ದು ಪುರ ಅನ್ನೋ ಪಕ್ಕದ ಸಣ್ಣ ಹಳ್ಳಿ. ಊರಿನ ಸಗಣಿಯೆಲ್ಲ ಒಂದು ಕಡೆ ಹಾಕಿ, ಗೊಬ್ಬರ ಗ್ಯಾಸ್ ಮಾಡಿ ಎಲ್ಲರ ಮನೆಗೂ ಅಡುಗೆಗೆ ಕೊಡೋಣ ಅಂತ ಮೊದಲು ಹೊರಟರು. ಕಾಗದದ ಮೇಲೆ ಚೆನ್ನಾಗಿತ್ತು. ಅಡುಗೆಗೆ ಸಾಕಾಗುವಷ್ಟು ಸಗಣಿಯೇ ಬರಲಿಲ್ಲ, ಯೋಜನೆ ನಿಂತಿತು. ಹಳ್ಳಿಯವರಿಗೆ ಅದಕ್ಕಿಂತ ಮುಖ್ಯವಾಗಿ ಬೇಕಿದ್ದದ್ದು ನೀರು. ಸೌದೆ ಹೇಗೋ ಸುತ್ತಮುತ್ತ ಆರಿಸಿಕೊಂಡು ಬರುತ್ತಿದ್ದರು, ಒಳ್ಳೆ ನೀರಿಗೆ ಮಾತ್ರ ಹೆಂಗಸರು ಒದ್ದಾಡುತ್ತಿದ್ದರು. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು, ಬೋರ್‌ವೆಲ್‌ನಿಂದ ನೀರೆತ್ತಿ ನಲ್ಲಿಯಲ್ಲಿ ಬಿಟ್ಟರು, ಮನೆಗೆ ದೀಪ ಬಂತು. ಆಗ ಜನ ಸಗಣಿ ತಂದು ಹಾಕಿದರು, ದುಡ್ಡೂ ಕಟ್ಟಿದರು, ಪ್ಲಾಂಟನ್ನು ಊರಿನ ಹುಡುಗರೇ ನಡೆಸಿದರು. ವರ್ಷಗಟ್ಟಲೆ ನಡೆಯಿತು.

ಅದೇ ಸಗಣಿ, ಅದೇ ಗುಂಡಿ. ಬದಲಾಗಿದ್ದು ಯಾವುದಕ್ಕೆ ಅನ್ನೋದು ಮಾತ್ರ. ಹಾಗಾಗಿ ಮಾಸ್ತರರಿಗೆ ನನ್ನ ಸಲಹೆ, "ನಮ್ಮ ವರದಿಯನ್ನು ಹೇಗೆ ತಲುಪಿಸೋಣ" ಅನ್ನೋದಕ್ಕಿಂತ ಮೊದಲು ಅವರಿಗೆ ಏನು ಬೇಕಿದೆ ಅಂತ ಕೇಳಿ. ಬಳಚಿನ ಜೀವಶಾಸ್ತ್ರ ಬೇಡವೇ ಇರಬಹುದು, ಮಧ್ಯವರ್ತಿ ಎಷ್ಟು ತಿನ್ನುತ್ತಾನೆ ಅನ್ನೋದು ಬೇಕಿರಬಹುದು.

ಥೀಸಿಸ್ ಮುಗಿದಿಲ್ಲ
ಮಧ್ಯವರ್ತಿ ಲೆಕ್ಕ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಮಾಡಲ್ಲ, ಅದು ಅರ್ಥಶಾಸ್ತ್ರದವರದು ಅಂತಾರೆ. ಅವರನ್ನು ಕೇಳಿದರೆ ಬಳಚು ಅಂದರೆ ಏನು ಅಂತಾರೆ.

ಬಿದಿರುಮೆಳೆ
ನಿವೃತ್ತ ಹೈಸ್ಕೂಲು ಮಾಸ್ತರ, ಶಿರಸಿ. ನಿಮ್ಮ ಚರ್ಚೆ ನೋಡಿ ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಮೇಲಿನಿಂದ ಕೆಳಗೆ ತಿಳಿವಳಿಕೆ ಕೊಡುವುದು ಅನ್ನೋ ಧಾಟಿಯಲ್ಲೇ ಎಲ್ಲರೂ ಮಾತಾಡುತ್ತಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಉಲ್ಟಾ ನಡೆದದ್ದಿದೆ.

ದಾಂಡೇಲಿಯ ಕಾಗದ ಕಾರ್ಖಾನೆಗೆ ಐವತ್ತರ ದಶಕದ ಕೊನೆಯಿಂದ ನಮ್ಮ ಕಾಡಿನ ಬಿದಿರು ಹೋಗುತ್ತಿತ್ತು, ಬಹಳ ಅಗ್ಗಕ್ಕೆ. ಬುಟ್ಟಿ ಹೆಣೆಯುವ ಮೇದಾರರಿಗೆ ಮಾತ್ರ ಪೇಟೆ ಬೆಲೆ. ಬಿದಿರು ಖಾಲಿಯಾಗುತ್ತಿದೆ ಅಂತ ಗಲಾಟೆ ಆದಾಗ, 1975ರಲ್ಲಿ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ಕೇಳಿತು. ಆಗ ಅರಣ್ಯದವರು, ಕಾರ್ಖಾನೆಯವರು ದನ ಮೇಯಿಸುವವರ ಮೇಲೂ ಸೌದೆಯವರ ಮೇಲೂ ತಪ್ಪು ಹೊರಿಸುತ್ತಿದ್ದರು. ಕಾರ್ಖಾನೆಯವರು ಕಡಿಯಲು ಸಲೀಸಾಗಲಿ ಅಂತ ಮೆಳೆಯ ಬುಡದ ಮುಳ್ಳನ್ನೆಲ್ಲ ಸವರುತ್ತಿದ್ದರು. ಅದು ಬಿದಿರಿಗೂ ಒಳ್ಳೆಯದು ಅಂತಲೇ ನಂಬಿಕೆ. ಊರಿನವರು ಮಾತ್ರ ಹೇಳಿದರು, "ಮುಳ್ಳು ತೆಗೆದರೆ ಕಳಲೆ (ಎಳೆ ಬಿದಿರು) ಉಳಿಯಲ್ಲ, ದನ, ಮಂಗ, ಮುಳ್ಳುಹಂದಿ ಎಲ್ಲ ತಿಂದು ಹೋಗುತ್ತವೆ" ಅಂತ. ಅಳೆದು ನೋಡಿದರೆ ಊರಿನವರ ಮಾತೇ ನಿಜವಾಯಿತು. ಕಾಡಿನಲ್ಲಿ ಇಷ್ಟು ಬಿದಿರಿದೆ ಅಂತ ಇಟ್ಟುಕೊಂಡಿದ್ದ ಅಂದಾಜೂ ಜಾಸ್ತಿಯಾಗಿತ್ತು.

ನನಗೆ ಇದರಲ್ಲಿ ಇಷ್ಟವಾಗುವುದು ಏನಂದರೆ, ಗಾಡ್ಗೀಳರು ಊರಿನವರ ಮಾತನ್ನು ಸುಮ್ಮನೆ ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಲೆಕ್ಕ ಮಾಡಿ ನೋಡಿದರು. ಈಗ ಎರಡು ಪಂಗಡ ಆಗಿಬಿಟ್ಟಿದೆ. ಹಳ್ಳಿಯವರಿಗೆ ಏನೂ ಗೊತ್ತಿಲ್ಲ ಅನ್ನುವವರು ಒಂದು ಕಡೆ, ಹಳ್ಳಿಯವರು ಹೇಳಿದ್ದೆಲ್ಲ ವೇದ ಅನ್ನುವವರು ಇನ್ನೊಂದು ಕಡೆ. ಎರಡನೆಯವರನ್ನು ಕಂಡರೂ ನನಗೆ ಅಷ್ಟಕ್ಕಷ್ಟೇ. ಬಳಚು ಕಡಿಮೆ ಆಗಿದ್ದಕ್ಕೆ ಊರಿನಲ್ಲಿ ನಾಲ್ಕು ಜನ ನಾಲ್ಕು ಕಾರಣ ಹೇಳುತ್ತಾರೆ, ನಾಲ್ಕೂ ಸರಿ ಇರಲು ಸಾಧ್ಯವಿಲ್ಲ.

ಪಂಚಾಯ್ತಿ ಕಟ್ಟೆ
ಗಾಡ್ಗೀಳ್ ಹೆಸರು ಬಂದಿದ್ದರಿಂದ ಕೇಳುತ್ತೇನೆ, ಜೀವವೈವಿಧ್ಯ ದಾಖಲಾತಿ ಎಲ್ಲಿಗೆ ಬಂತು? ಅದರ ಮೂಲದಲ್ಲಿ ಒಳ್ಳೆ ವಿಚಾರ ಇತ್ತು. ಊರಿನವರೇ ಕೂತು ನಮ್ಮಲ್ಲಿ ಯಾವ ಗಿಡ, ಯಾವ ಮೀನು, ಯಾರು ಹೇಗೆ ಬಳಸುತ್ತಾರೆ, ಏನು ಬದಲಾಗಿದೆ ಅಂತ ಬರೆದಿಡುವುದು. ತೊಂಬತ್ತರ ದಶಕದಲ್ಲಿ ಕಾಲೇಜು ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಪಶ್ಚಿಮ ಘಟ್ಟದಲ್ಲಿ ಇಂಥ ಕೆಲಸ ಮಾಡಿದ್ದರು. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಪ್ರತಿ ಪಂಚಾಯ್ತಿಗೂ ಸಮಿತಿ, ಪುಸ್ತಕ ಕಡ್ಡಾಯ ಆಯಿತು. ಹೆಚ್ಚಿನವರು ಮಾಡಲಿಲ್ಲ. ಆಮೇಲೆ ಹಸಿರು ನ್ಯಾಯಮಂಡಳಿ 2020ರ ಜನವರಿ ಗಡುವು ಹಾಕಿ, ತಪ್ಪಿದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಅಂದಿತು ನೋಡಿ, ಎಲ್ಲ ಕಡೆ ಓಡಾಟವೋ ಓಡಾಟ.

ನಾನು ಆಗ ಸಮಿತಿ ಸದಸ್ಯ. ಯಾವ ಪಂಚಾಯ್ತಿ ಅಂತ ಹೇಳಲ್ಲ. ಹೊರಗಿನ ಏಜೆನ್ಸಿಯವರು ಬಂದರು, ಒಂದು ಮಧ್ಯಾಹ್ನ ಕೂತರು, ಸಹಿ ಹಾಕಿಸಿಕೊಂಡರು. ಪುಸ್ತಕ ಬಂತು. ಅದರಲ್ಲಿ ನಮ್ಮೂರಿನಲ್ಲಿ ಇಲ್ಲದ ಮರ ಇದೆ, ಇರುವ ಕೆರೆ ಇಲ್ಲ. ಈಗ ಬೀರುವಿನಲ್ಲಿದೆ. ಬೀಗದ ಕೈ ಕಾರ್ಯದರ್ಶಿ ಹತ್ತಿರ.

ಒಣ ಲೆಕ್ಕ
ಕಾಲೇಜುಗಳನ್ನು ಹಳ್ಳಿಗೆ ಜೋಡಿಸುವ ಕೇಂದ್ರದ ಉನ್ನತ ಭಾರತ ಅಭಿಯಾನದ್ದೂ ಇದೇ ಹಾಡು ಅಲ್ವಾ. 2014ರಲ್ಲಿ ಶುರು, ಸೇರಿದ ಪ್ರತಿ ಕಾಲೇಜು ಐದು ಹಳ್ಳಿ ದತ್ತು ತಗೋಬೇಕು. ನಮ್ಮ ಕಾಲೇಜಿನವರು ಹಳ್ಳಿಗೆ ಹೋಗಿ ಮನೆ ಮನೆ ಫಾರ್ಮ್ ತುಂಬಿಸಿ, ಬ್ಯಾನರ್ ಹಿಡಿದು ಫೋಟೋ ತೆಗೆದುಕೊಂಡು ಬಂದರು. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಆಯಿತು. ದತ್ತು ಹೋದ ಹಳ್ಳಿಗೆ ತಾನು ದತ್ತು ಹೋಗಿದ್ದೇ ಗೊತ್ತಿಲ್ಲ.

ಗಜನಿಬದಿ
ಹ್ಹ ಹ್ಹ, ನಮ್ಮ ಫೈಲಿನ ಕಥೆ ನಾನು ಹೇಳಲ್ಲ.

ಪಂಚಾಯ್ತಿ ಕಟ್ಟೆಯವರೇ, ಆ ಪುಸ್ತಕವನ್ನೇ ಹೊರಗೆ ತೆಗೆಸಿ ತಿದ್ದಿದರೆ ಹೇಗೆ? ಕಾನೂನಿನ ಪ್ರಕಾರ ಅದು ಕಾಲಕಾಲಕ್ಕೆ ಹೊಸದು ಮಾಡಬೇಕಾದ ದಾಖಲೆ. ನಮ್ಮ ಕಡೆ ಕಗ್ಗದ ವಿಷಯ ಸರಿಯಾಗಿ ಸೇರಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಗ್ಗ ಅಂದರೆ ಉಪ್ಪುನೀರು ತಡೆಯುವ ಭತ್ತ. ಮಳೆ ಬಂದು ಗಜನಿಯ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ. ಕೊಯ್ಯುವಾಗ ತೆನೆ ಮಾತ್ರ, ಹುಲ್ಲು ಅಲ್ಲೇ. ಆಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ, ಮತ್ತೆ ಹಕ್ಕಿಗಳು. ಈಗ ಮಾಣಿಕಟ್ಟಾದಂಥ ಒಂದೆರಡು ಕಡೆ ಮಾತ್ರ ಉಳಿದಿದೆ.

ಎಪ್ಪತ್ತರ ದಶಕದಲ್ಲಿ ಸರ್ಕಾರ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡು ಕಟ್ಟಿಸಿತು. ಒಳ್ಳೆ ಉದ್ದೇಶವೇ. ಮೊದಲು ಮಣ್ಣಿನ ಒಡ್ಡು ಇದ್ದಾಗ ವರ್ಷ ವರ್ಷ ಎಲ್ಲರೂ ಸೇರಿ ರಿಪೇರಿ ಮಾಡಬೇಕಿತ್ತು, ಒಡ್ಡಿನ ಬದಿಗೆ ಕಾಂಡ್ಲಾ ಬೆಳೆಸಿಕೊಳ್ಳಬೇಕಿತ್ತು. ಕಲ್ಲಿನ ಒಡ್ಡು ಬಂದ ಮೇಲೆ ಸೇರುವ ಅಗತ್ಯವೇ ಕಡಿಮೆ ಆಯಿತು. ಆಮೇಲೆ ಸಿಗಡಿ ಗುತ್ತಿಗೆ ಬಂತು, ಅದರಲ್ಲಿ ದುಡ್ಡು ಜಾಸ್ತಿ, ಭತ್ತ ಹೋಯಿತು. ಒಡ್ಡು ಒಡೆದರೆ ಈಗ ಇಲಾಖೆ ಬರಲಿ ಅಂತ ಕಾಯುತ್ತಾರೆ. ಸಮುದ್ರ ಏರುತ್ತಿದೆ ಅಂತ ಜಗತ್ತೇ ಹೇಳುತ್ತಿರುವ ಹೊತ್ತಿನಲ್ಲಿ, ಉಪ್ಪುನೀರಿಗೆ ಹೆದರದ ತಳಿ ಕೈಯಲ್ಲಿದ್ದವರು ನಾವು, ಅದನ್ನು ಕೈ ಬಿಡುತ್ತಿರುವವರೂ ನಾವೇ.

ಹೊನ್ನಾವರದ ಹುಡುಗ
ಕಗ್ಗಕ್ಕೆ ಇಳುವರಿ ಕಡಿಮೆ ಅನ್ನೋದನ್ನೂ ಹೇಳಿ ಸರ್. ಗಂಡಾಳಿಗೆ ಕೂಲಿ ಎಷ್ಟಿದೆ ನೋಡಿ. ಸಂಬಳ ಬರುವವರು "ಕಗ್ಗ ಉಳಿಸಿ" ಅನ್ನೋದು ಸುಲಭ.

ಗಜನಿಬದಿ
ಸರಿಯಾದ ಮಾತು. ನಮ್ಮ ಮನೆಯ ಗಜನಿಯೂ ಗುತ್ತಿಗೆಗೇ ಹೋಗಿದೆ.

ಬಿದಿರುಮೆಳೆ
ಶಿರಸಿಯ ಅರಣ್ಯ ಕಾಲೇಜಿನ ಹುಡುಗರನ್ನೂ ಸೇರಿಸಿಕೊಳ್ಳಿ. ಘಟ್ಟದ ಮೇಲಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಬೋಳಾದರೆ ಹಳ್ಳ ಬೇಗ ಒಣಗುತ್ತೆ, ಹಳ್ಳ ಒಣಗಿದರೆ ನಿಮ್ಮ ಅಳಿವೆಗೆ ಬೇಸಿಗೆಯ ನೀರಿಲ್ಲ. ಅಡಿಕೆ ತೋಟದವರಿಗೂ ಬಳಚಿನವರಿಗೂ ಒಂದೇ ನದಿ ಅಂತ ಗೊತ್ತಿದ್ದರೂ ಇಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದು ನಾನಂತೂ ಕಂಡಿಲ್ಲ.

ಗಜನಿಬದಿ
ಇಷ್ಟರಿಂದ ನನಗೆ ಅನ್ನಿಸಿದ್ದು: ಮಕ್ಕಳ ಪ್ರಶ್ನೆಪಟ್ಟಿ ಪಕ್ಕಕ್ಕೆ. ಮೊದಲು ಒಂದು ಸಭೆ, ಭಾಷಣ ಇಲ್ಲದ ಸಭೆ. ಹಳೆಯ ವರದಿಗಳಿಂದ ಎರಡೇ ವಿಷಯ ಕನ್ನಡದಲ್ಲಿ ಹೇಳುವುದು, ಶರಾವತಿ ಹೋಲಿಕೆ ಒಂದು, 22,000 ಟನ್ ಲೆಕ್ಕ ಒಂದು. "ಇದು ಆಗಿನದು, ಈಗ ಹೇಗಿದೆ ನೀವು ಹೇಳಿ" ಅಂತ ಬಿಡುವುದು. ಅವರು ಏನು ಅಳೆಯಬೇಕು ಅನ್ನುತ್ತಾರೋ ಅದನ್ನು ಮಕ್ಕಳು ಅಳೆಯಲಿ. ಮಧ್ಯವರ್ತಿ ಲೆಕ್ಕವೇ ಬೇಕು ಅಂದರೆ ನಮ್ಮ ಕಾಮರ್ಸ್ ಮಕ್ಕಳಿದ್ದಾರೆ. ಮುಂದಿನ ತಿಂಗಳು ಹುಣ್ಣಿಮೆ ಹತ್ತಿರ ಒಂದು ಭಾನುವಾರ ಬೆಳಿಗ್ಗೆ ಇಟ್ಟುಕೊಂಡಿದ್ದೇನೆ.

ಮೀನುಪೇಟೆ ಅಕ್ಕ
ಹುಣ್ಣಿಮೆ ಹತ್ತಿರ ಇಟ್ಟರೆ ಒಬ್ಬಳೂ ಬರಲ್ಲ ಮಾಸ್ತರೇ! ಹುಣ್ಣಿಮೆ, ಅಮಾವಾಸ್ಯೆ ಅಂದರೆ ದೊಡ್ಡ ಇಳಿತ, ನೀರು ತುಂಬ ಕೆಳಗೆ ಹೋಗುತ್ತೆ, ಬಳಚಿನ ಜಾಗ ಎಲ್ಲ ತೆರೆದುಕೊಳ್ಳುತ್ತೆ. ದುಡಿಯುವ ದಿನ ಅದು. ಅಷ್ಟಮಿ-ನವಮಿ ನೋಡಿ ಇಡಿ, ಆಗ ನೀರು ಅಷ್ಟು ಇಳಿಯಲ್ಲ, ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಬೇಡ, ಅಡುಗೆ ಕೆಲಸ. ಮಧ್ಯಾಹ್ನ ಊಟ ಆದ ಮೇಲೆ. ಕಾಲೇಜಿಗೆ ಕರೆಯಬೇಡಿ, ನೀವೇ ದೇವಸ್ಥಾನದ ಹತ್ತಿರ ಬನ್ನಿ.

ಥೀಸಿಸ್ ಮುಗಿದಿಲ್ಲ
ನಾನೂ ಬರಬಹುದಾ? ವರದಿಯ ಎರಡು ಪುಟ ಕನ್ನಡದಲ್ಲಿ ಬರೆದುಕೊಡುತ್ತೇನೆ. ನನ್ನ ಉಪ್ಪಿನ ಮೀಟರೂ ತರುತ್ತೇನೆ, ಬೇಕಾದವರು ನೀರಿಗೆ ಅದ್ದಿ ತಾವೇ ನೋಡಲಿ. ಗೈಡಿಗೆ ಹೇಳಲ್ಲ.

ಗಜನಿಬದಿ
ಬನ್ನಿ ಮೇಡಂ, ಬಸ್ ಚಾರ್ಜ್ ನಾನು ನೋಡಿಕೊಳ್ಳುತ್ತೇನೆ. ಅಕ್ಕ, ಅಷ್ಟಮಿಗೇ ಬದಲಾಯಿಸಿದೆ. ಪ್ರಿನ್ಸಿಪಾಲರು ಬ್ಯಾನರ್ ಬೇಕೇ ಬೇಕು ಅಂತಿದ್ದಾರೆ, ಅದಕ್ಕೇನು ಮಾಡೋದು?

ಒಣ ಲೆಕ್ಕ
ಬ್ಯಾನರ್ ಮಾಡಿಸಿ, ನೆಲಕ್ಕೆ ಹಾಸಿ, ಅದರ ಮೇಲೆ ಎಲ್ಲರೂ ಕೂತುಕೊಳ್ಳಿ. ಬಿಲ್ ಪಾಸ್ ಆಗುತ್ತೆ.